ಡೇರಿ ಲೆಕ್ಕ, ಮಸುಕು ಕಣ್ಣು: ಲೋ ವಿಷನ್ ಸಾಧನಗಳನ್ನು ನಾಲ್ಕೈದು ವರ್ಷ ಬಳಸಿದ ಮೇಲೆ

ತುರ್ತಿನಲ್ಲಿ ಇರುವವರಿಗೆ ಮೊದಲೇ ಹೇಳಿಬಿಡುತ್ತೇನೆ. ಕೈಯಲ್ಲಿ ದುಡ್ಡು ಕಮ್ಮಿ ಇದ್ದರೆ ಭೂತಗನ್ನಡಿಗಿಂತ ಮೊದಲು ಕತ್ತು ಬಗ್ಗುವ ಒಂದು ಟೇಬಲ್ ಲ್ಯಾಂಪ್ ತಗೊಳ್ಳಿ. ಉಳಿದದ್ದನ್ನೆಲ್ಲ ಲೋ ವಿಷನ್ (ಮಾಮೂಲಿ ಕನ್ನಡಕ ಹಾಕಿದರೂ ಸರಿಹೋಗದ ಮಸುಕು ನೋಟ) ಕ್ಲಿನಿಕ್‌ನಲ್ಲಿ ಕೈಯಲ್ಲಿ ಹಿಡಿದು, ನಿಮ್ಮದೇ ಕಾಗದ ಓದಿ ನೋಡಿ, ಆಮೇಲೆ ಕೊಳ್ಳಿ. ಆನ್‌ಲೈನ್‌ನಲ್ಲಿ 30 ಎಕ್ಸ್, 60 ಎಕ್ಸ್ (ಅಂದರೆ 30 ಪಟ್ಟು, 60 ಪಟ್ಟು ದೊಡ್ಡದು) ಅಂತ ಮಾರುವ ಗಾಜುಗಳ ತಂಟೆಗೆ ಹೋಗಬೇಡಿ.

ನಾನು ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಕಡೆ ಒಂದು ಹಳ್ಳಿಯಲ್ಲಿ ಹಾಲಿನ ಡೇರಿ ಸೆಕ್ರೆಟರಿ. ಬೆಳಿಗ್ಗೆ, ಸಂಜೆ ಎರಡೂ ಹೊತ್ತು ಹಾಲು ಅಳೆಯಬೇಕು. ಫ್ಯಾಟು, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಹಾಲಿನಲ್ಲಿರುವ ಉಳಿದ ಗಟ್ಟಿ ಅಂಶ) ನೋಡಬೇಕು. ಅದನ್ನು ರೈತರ ಪಾಸ್‌ಬುಕ್ಕಿಗೂ ನಮ್ಮ ರಿಜಿಸ್ಟರಿಗೂ ಬರೆಯಬೇಕು. ಹಸುವಿನ ಹಾಲಿಗೆ ಫ್ಯಾಟು 3.5, ಎಸ್‌ಎನ್‌ಎಫ್ 8.5 ಅನ್ನೋ ಅಂಕಿಗಳ ಆಚೆ ಈಚೆಯೇ ನಮ್ಮ ಜಗಳಗಳೆಲ್ಲ ಇರುವುದು. 3 ಅನ್ನು 8 ಅಂತ ಓದಿದರೆ ಬಟವಾಡೆ ದಿನ ಡೇರಿ ಮುಂದೆ ಗುಂಪು ಸೇರುತ್ತದೆ.

ನನ್ನ ಕಣ್ಣಿನ ಕಾಯಿಲೆಯ ಹೆಸರು ಸ್ಟಾರ್ಗಾರ್ಟ್. ಜರ್ಮನಿಯ ಕಾರ್ಲ್ ಸ್ಟಾರ್ಗಾರ್ಟ್ ಎಂಬ ಕಣ್ಣಿನ ಡಾಕ್ಟರು 1909ರಲ್ಲಿ ಇದರ ಬಗ್ಗೆ ಬರೆದರು, ಅವರ ಹೆಸರೇ ಉಳಿಯಿತು. ಕಣ್ಣಿನ ಹಿಂಭಾಗದ ಪರದೆ, ಅಂದರೆ ರೆಟಿನಾದ ನಟ್ಟನಡುವೆ ಮ್ಯಾಕ್ಯುಲಾ ಅಂತ ಒಂದು ಜಾಗ ಇದೆ. ಓದುವುದು, ಮುಖ ಗುರುತು ಹಿಡಿಯುವುದು ಎಲ್ಲ ಅಲ್ಲಿಂದಲೇ. ಅದು ಸವೆಯುತ್ತಾ ಹೋಗುತ್ತದೆ. ಸಾಮಾನ್ಯವಾಗಿ ಚಿಕ್ಕ ವಯಸ್ಸಿನಲ್ಲೇ ಶುರುವಾಗುತ್ತದಂತೆ, ನನಗೆ ತಡವಾಗಿ ಬಂತು. ಅಪ್ಪ ಅಮ್ಮ ಇಬ್ಬರ ಕಡೆಯಿಂದಲೂ ಆ ಜೀನ್ ಬಂದರೆ ಕಾಯಿಲೆ ಬರುತ್ತದೆ. ನಮ್ಮಲ್ಲಿ ಸಂಬಂಧದಲ್ಲೇ ಹೆಣ್ಣು ತರುವುದು ಮೊದಲಿಂದ ಇದೆಯಲ್ಲ, ಅದನ್ನು ಡಾಕ್ಟರು ಕೇಳಿದಾಗ ನಮ್ಮಮ್ಮ ತಲೆ ತಗ್ಗಿಸಿದರು. ಪಾಪ, ಅವರೇನು ಮಾಡಿಯಾರು.

ಎದುರಿಗೆ ನೇರ ನೋಡಿದರೆ ಗಾಜಿನ ಮಧ್ಯಕ್ಕೆ ಸುಣ್ಣ ಮೆತ್ತಿದ ಹಾಗೆ. ಅಂಚು ಮಾತ್ರ ಚೆನ್ನಾಗಿದೆ. ಹಾಗಾಗಿ ಗುಂಡಿ, ಕಲ್ಲು, ಹಸು ಎಲ್ಲ ತಪ್ಪಿಸಿಕೊಂಡು ನಡೆಯುತ್ತೇನೆ. ಕಷ್ಟ ಇರುವುದು ಇಲ್ಲೇ. ಸರಾಗವಾಗಿ ನಡೆಯುವವನು ಎದುರಿಗೆ ಬಂದವರನ್ನು ಮಾತಾಡಿಸದೇ ಹೋದರೆ ಜನ ಏನಂದುಕೊಳ್ಳುತ್ತಾರೆ? 'ಏನಣ್ಣಾ, ನೋಡಿದ್ರೂ ನೋಡ್ದಂಗೆ ಹೋಗ್ತೀಯಲ್ಲ' ಅಂತ ಎಷ್ಟೋ ಜನ ಮುನಿಸಿಕೊಂಡಿದ್ದಾರೆ. ಕಣ್ಣು ಕಾಣಲ್ಲ ಅನ್ನೋದು ನಾಟಕ ಅಂದವರೂ ಇದ್ದಾರೆ. ಇದಕ್ಕೆ ನನ್ನ ಹತ್ತಿರ ಯಾವ ಸಾಧನವೂ ಇರಲಿಲ್ಲ. ನಾನೇ ಎಲ್ಲರಿಗೂ 'ಹೆಸರು ಹೇಳಿ ಮಾತಾಡ್ಸಿ' ಅಂತ ಹೇಳಿಕೊಂಡು ಬಂದೆ. ಈಗ ಹಾಲು ಹಾಕುವಾಗ ತಾವಾಗೇ ಹೆಸರು, ನಂಬರು ಹೇಳುತ್ತಾರೆ.

ಮೊದಲು ತೋರಿಸಿದ ಕಡೆಯಲ್ಲೆಲ್ಲ ಒಂದೇ ಮಾತು: 'ಇದಕ್ಕೆ ಏನೂ ಮಾಡಕ್ಕಾಗಲ್ಲ.' ಕಾಯಿಲೆ ವಾಸಿ ಮಾಡಲು ಆಗಲ್ಲ ಅನ್ನುವುದು ನಿಜ. ಆದರೆ ಉಳಿದಿರುವ ನೋಟವನ್ನು ಬಳಸಿಕೊಳ್ಳುವುದನ್ನು ಕಲಿಸುವವರು ಇದ್ದಾರೆ, ಅಲ್ಲಿಗೆ ಹೋಗಿ ಅಂತ ಒಂದು ಚೀಟಿ ಬರೆದುಕೊಟ್ಟಿದ್ದರೆ ಅವರ ಗಂಟೇನು ಹೋಗುತ್ತಿತ್ತು? ಆ ವಿಷಯ ನನಗೆ ಗೊತ್ತಾಗಿದ್ದು ಡೇರಿಗೆ ಬರುವ ಒಬ್ಬರ ಮಗಳಿಂದ. ಅವಳು ಆಪ್ಟೋಮೆಟ್ರಿ, ಅಂದರೆ ಕಣ್ಣು ಪರೀಕ್ಷೆ ಮಾಡಿ ಕನ್ನಡಕ ಕೊಡುವ ವಿದ್ಯೆ ಓದುತ್ತಿದ್ದಳು.

ಬೆಂಗಳೂರಿನ ಒಂದು ಕಣ್ಣಾಸ್ಪತ್ರೆಯ ಲೋ ವಿಷನ್ ಕ್ಲಿನಿಕ್‌ಗೆ ಹೋದೆ. ನನ್ನ ಲೆಕ್ಕದಲ್ಲಿ ಐದು ಸ್ಟಾರ್ ಸಿಗಬೇಕಾದ್ದು ಯಾವ ವಸ್ತುವಿಗೂ ಅಲ್ಲ, ಆ ಕ್ಲಿನಿಕ್‌ಗೆ. ಅಲ್ಲಿನ ಮೇಡಂ ಬೋರ್ಡಿನ ಅಕ್ಷರ ಓದಿಸುವ ಮೊದಲೇ 'ಸರ್, ನೀವು ದಿನಾ ಓದಲೇಬೇಕಾದ್ದು ಏನು?' ಅಂತ ಕೇಳಿದರು. ಚೀಲದಿಂದ ಪಾಸ್‌ಬುಕ್ ತೆಗೆದು ಕೊಟ್ಟೆ. ಅವತ್ತಿನ ಪರೀಕ್ಷೆಯೆಲ್ಲ ಅದರ ಸುತ್ತಲೇ ನಡೆಯಿತು. ಎರಡೂ ಕಣ್ಣಿಗೆ 6/60 ಅಂತ ಬಂತು. ಬೇರೆಯವರು 60 ಮೀಟರಿನಿಂದ ಓದುವ ಅಕ್ಷರವನ್ನು ನಾನು 6 ಮೀಟರಿಗೆ ಬಂದು ಓದಬೇಕು.

ಅಲ್ಲಿ ಕಲಿಸಿದ್ದರಲ್ಲಿ ಕಾಸು ಖರ್ಚಿಲ್ಲದ್ದು, ಆದರೆ ಎಲ್ಲಕ್ಕಿಂತ ಕಷ್ಟದ್ದು, ಓರೆ ನೋಟ. ಎದುರಿಗಿರುವ ಮುಖವನ್ನು ಗಡಿಯಾರದ ನಡುಭಾಗ ಅಂದುಕೊಳ್ಳಬೇಕು. ಕಣ್ಣನ್ನು 12ರ ಕಡೆ, 3ರ ಕಡೆ, 6ರ ಕಡೆ ಹೀಗೆ ಒಂದೊಂದೇ ದಿಕ್ಕಿಗೆ ತಿರುಗಿಸಿ, ಯಾವಾಗ ಮುಖ ಸ್ಪಷ್ಟ ಕಾಣುತ್ತದೆ ಅಂತ ಹುಡುಕಬೇಕು. ನನಗೆ 12ರ ಕಡೆ, ಅಂದರೆ ಸ್ವಲ್ಪ ಮೇಲೆ ನೋಡಿದಾಗ ಸಿಕ್ಕಿತು. ಓದುವಾಗಲೂ ಅಷ್ಟೇ. ಸಾಲಿಗಿಂತ ಸ್ವಲ್ಪ ಮೇಲಕ್ಕೆ ಕಣ್ಣು ನಿಲ್ಲಿಸಿ, ಕಣ್ಣು ಅಲುಗಿಸದೆ, ಕಾಗದವನ್ನೇ ಎಡಕ್ಕೆ ಸರಿಸುತ್ತಾ ಹೋಗಬೇಕು. ಮೊದಮೊದಲು ತಲೆ ಸಿಡಿಯುತ್ತಿತ್ತು. ದಿನಾ ಹತ್ತಿಪ್ಪತ್ತು ನಿಮಿಷ ಅಂತ ತಿಂಗಳುಗಟ್ಟಲೆ ಮಾಡಿದ ಮೇಲೆ ರೂಢಿಯಾಯಿತು. ಈಗ ಯಾರ ಜೊತೆ ಮಾತಾಡಿದರೂ ಅವರ ನೆತ್ತಿ ನೋಡುತ್ತಿರುತ್ತೇನೆ. ಹೊಸಬರು ತಲೆಗೆ ಏನೋ ಅಂಟಿದೆ ಅಂತ ಕೈಯಾಡಿಸಿಕೊಳ್ಳುತ್ತಾರೆ.

ಇನ್ನು ಸಾಮಾನುಗಳ ವಿಷಯ.

ಎಲ್ಲಕ್ಕಿಂತ ಜಾಸ್ತಿ ಬಳಸಿದ್ದು ಲೈಟ್ ಇರುವ ಸ್ಟ್ಯಾಂಡ್ ಭೂತಗನ್ನಡಿ. ನನ್ನದು 20 ಡಯಾಪ್ಟರ್ (ಗಾಜಿನ ಪವರ್ ಅಳೆಯುವ ಮಾನ), ಅಂದರೆ 5 ಎಕ್ಸ್. ಡಯಾಪ್ಟರನ್ನು ನಾಲ್ಕರಿಂದ ಭಾಗಿಸಿದರೆ ಎಕ್ಸ್ ಬರುತ್ತದೆ. 100ನ್ನು ಡಯಾಪ್ಟರಿನಿಂದ ಭಾಗಿಸಿದರೆ ಗಾಜು ಕಾಗದದಿಂದ ಎಷ್ಟು ಸೆಂಟಿಮೀಟರ್ ದೂರದಲ್ಲಿರಬೇಕು ಅಂತ ಗೊತ್ತಾಗುತ್ತದೆ. 20 ಡಯಾಪ್ಟರ್ ಆದರೆ 5 ಸೆಂಟಿಮೀಟರ್. ಈ ಎರಡು ಲೆಕ್ಕ ಗೊತ್ತಿದ್ದರೆ ಆನ್‌ಲೈನ್‌ನ 30 ಎಕ್ಸ್ ಎಂಥ ಬೊಗಳೆ ಅಂತ ನೀವೇ ಹೇಳುತ್ತೀರಿ. ನಿಜಕ್ಕೂ 30 ಎಕ್ಸ್ ಆದರೆ 120 ಡಯಾಪ್ಟರ್. ಕಾಗದಕ್ಕೆ ಒಂದು ಸೆಂಟಿಮೀಟರೂ ದೂರ ಇರಬಾರದು, ಗಾಜು ಶೇಂಗಾ ಬೀಜದಷ್ಟು ಚಿಕ್ಕದಿರಬೇಕು! ಅಂಗೈ ಅಗಲದ ಗಾಜಿನಲ್ಲಿ ಅಷ್ಟು ದೊಡ್ಡದು ಮಾಡಲು ಆಗುವುದೇ ಇಲ್ಲ. ಪವರ್ ಜಾಸ್ತಿಯಾದಷ್ಟೂ ಕಾಣುವ ಜಾಗ ಕಮ್ಮಿ.

ಸ್ಟ್ಯಾಂಡ್ ಇರುವುದರಿಂದ ದೂರದ ತಲೆನೋವಿಲ್ಲ. ಪಾಸ್‌ಬುಕ್ ಮೇಲೆ ಇಟ್ಟು ಸರಿಸುತ್ತಾ ಹೋಗುವುದು. ಕೈ ನಡುಗುವ ವಯಸ್ಸಾದವರಿಗೆ ಕೈಯಲ್ಲಿ ಹಿಡಿಯುವುದಕ್ಕಿಂತ ಇದೇ ಒಳ್ಳೆಯದು. ಒಂದು ಸೂಕ್ಷ್ಮ ಇದೆ. ಇದನ್ನು ಬಳಸುವಾಗ ಓದುವ ಕನ್ನಡಕ ಹಾಕಿಕೊಂಡಿರಬೇಕು, ಇಲ್ಲದಿದ್ದರೆ ಅಕ್ಷರ ಪೂರ್ತಿ ಸ್ಪಷ್ಟವಾಗಿ ಕಾಣುವುದಿಲ್ಲ. ಅಂಗಡಿಯವರು ಇದನ್ನು ಹೇಳುವುದಿಲ್ಲ.

ದೂರು ಎರಡು. ಗಾಜು ಅಂದರೂ ಅದು ಪ್ಲಾಸ್ಟಿಕ್ಕು. ಡೇರಿಯಲ್ಲಿ ಹಾಲಿನ ಹನಿ ಸಿಡಿಯುತ್ತಲೇ ಇರುತ್ತದೆ. ಟವಲ್‌ನಲ್ಲಿ ಒರೆಸಿದರೆ ಗೀರು ಬೀಳುತ್ತದೆ. ನೀರು, ಒಂದು ಹನಿ ಸೋಪು, ಮೆತ್ತನೆ ಹತ್ತಿ ಬಟ್ಟೆ, ಅಷ್ಟೇ ಹಾಕಬೇಕು. ಎರಡನೆಯದು, ಐದಾರು ಅಕ್ಷರಕ್ಕಿಂತ ಜಾಸ್ತಿ ಒಟ್ಟಿಗೆ ಕಾಣುವುದಿಲ್ಲ. ಅಂಕಿಗೆ ಸಾಕು. ಪೇಪರ್ ಓದುವುದಕ್ಕೆ ಅಲ್ಲ.

ಪೇಪರಿಗೆ 10 ಡಯಾಪ್ಟರಿನ ಅರ್ಧ ಚೌಕಟ್ಟಿನ ಕನ್ನಡಕ ಕೊಟ್ಟರು. ಒಳಗೆ ಮೂಗಿನ ಕಡೆಗೆ ದಪ್ಪ ಇರುವ ಪ್ರಿಸಂ ಇದೆ. ಅಷ್ಟು ಹತ್ತಿರಕ್ಕೆ ಎರಡು ಕಣ್ಣನ್ನೂ ಒಟ್ಟಿಗೆ ತರುವುದು ಕಷ್ಟ, ಪ್ರಿಸಂ ಆ ಭಾರ ಇಳಿಸುತ್ತದೆ. ಆದರೆ ಪೇಪರನ್ನು 10 ಸೆಂಟಿಮೀಟರಿಗೆ ತರಬೇಕು, ಅಂದರೆ ಮೂಗಿಗೆ ತಗುಲುವಷ್ಟು. ಕತ್ತು ಹಿಡಿದುಕೊಳ್ಳುತ್ತದೆ. ಬರೆಯುವುದಂತೂ ದೂರದ ಮಾತು. ಮಾತ್ರೆ ಪಟ್ಟಿಯ ಮೇಲಿನ ತಾರೀಖು, ಪಶು ಆಹಾರದ ಬಿಲ್ಲು, ಭಾನುವಾರದ ಹೆಡ್‌ಲೈನು, ಇಷ್ಟಕ್ಕೆ ಇಟ್ಟುಕೊಂಡಿದ್ದೇನೆ. ಸುಮ್ನೆ ಹೊಗಳಲು ಮನಸ್ಸಿಲ್ಲ, ಮೂರು ಸ್ಟಾರ್.

ಎಲೆಕ್ಟ್ರಾನಿಕ್ ಮ್ಯಾಗ್ನಿಫೈಯರ್ ಬಗ್ಗೆ ತುಂಬಾ ಜನ ಕೇಳುತ್ತಾರೆ. ಕೈಯಲ್ಲಿ ಹಿಡಿಯುವ 5 ಇಂಚಿನ ಸ್ಕ್ರೀನು, ಹಿಂದೆ ಕ್ಯಾಮೆರಾ. ಹತ್ತಾರು ಸಾವಿರದ ಮಾತು. ಇದರ ನಿಜವಾದ ಬೆಲೆ ದೊಡ್ಡದಾಗಿ ತೋರಿಸುವುದರಲ್ಲಿಲ್ಲ. ಬಣ್ಣ ತಿರುಗಿಸುವುದರಲ್ಲಿದೆ. ಪೆನ್ಸಿಲ್‌ನಲ್ಲಿ ಬರೆದ ಮಸುಕು ಅಂಕಿ ಕಪ್ಪು ಹಿನ್ನೆಲೆಯಲ್ಲಿ ಬೆಳ್ಳಗೆ ಎದ್ದು ಕಾಣುತ್ತದೆ. ನನಗೆ ಕಪ್ಪಿನ ಮೇಲೆ ಹಳದಿ ಇನ್ನೂ ಹಿತ. ಚಿತ್ರ ನಿಲ್ಲಿಸುವ ಬಟನ್ನು ಇನ್ನೊಂದು ಉಪಕಾರಿ. ಗೋಡೆಯ ಮೇಲಿನ ಕರೆಂಟ್ ಮೀಟರ್ ಮುಂದೆ ಕೈಯೆತ್ತಿ ಹಿಡಿದು ನಿಲ್ಲಿಸಿದರೆ, ಕೂತು ಓದಬಹುದು.

ಇದರ ಚಾರ್ಜಿಂಗ್ ತೂತು ಎರಡನೇ ವರ್ಷಕ್ಕೇ ಸಡಿಲವಾಯಿತು. ಮಾರಿದವರು ಫೋನ್ ಎತ್ತುವುದನ್ನೇ ಬಿಟ್ಟರು. ಕೊನೆಗೆ ಕೋಲಾರದಲ್ಲಿ ಮೊಬೈಲ್ ರಿಪೇರಿ ಹುಡುಗ ಬೆಸುಗೆ ಹಾಕಿಕೊಟ್ಟ, ಇವತ್ತಿಗೂ ನಡೆಯುತ್ತಿದೆ. ಕೊಳ್ಳುವ ಮೊದಲು ರಿಪೇರಿ ಎಲ್ಲಿ ಅಂತ ಬರೆಸಿಕೊಳ್ಳಿ. ಇಲ್ಲದಿದ್ದರೆ ಒಳ್ಳೆ ಕ್ಯಾಮೆರಾ ಇರುವ ಫೋನಿನಲ್ಲೇ ಮುಕ್ಕಾಲು ಪಾಲು ಕೆಲಸ ಆಗುತ್ತದೆ.

ಲ್ಯಾಂಪಿಗೆ ಬರುತ್ತೇನೆ. ಡೇರಿಯ ಕೆಲಸ ನಸುಕಿನಲ್ಲಿ ಮತ್ತು ಮುಸ್ಸಂಜೆಯಲ್ಲಿ. ನನ್ನಂಥ ಕಣ್ಣಿಗೆ ಎರಡೂ ಕೆಟ್ಟ ಹೊತ್ತು. ಮೊದಲು ತಲೆಯ ಮೇಲೆ ಇನ್ನೊಂದು ಟ್ಯೂಬ್‌ಲೈಟ್ ಹಾಕಿಸಲು ಹೊರಟಿದ್ದೆವು. ಕ್ಲಿನಿಕ್‌ನಲ್ಲಿ ಬೇಡ ಅಂದರು. ದೀಪವನ್ನು ಅರ್ಧ ದೂರಕ್ಕೆ ತಂದರೆ ಕಾಗದದ ಮೇಲೆ ಬೆಳಕು ನಾಲ್ಕು ಪಟ್ಟಾಗುತ್ತದೆ. ಅದಕ್ಕೇ ಬಗ್ಗುವ ಲ್ಯಾಂಪು. ಬಲ್ಬು ಕಣ್ಣಿಗೆ ಹೊಡೆಯಬಾರದು, ಪಕ್ಕದಿಂದ ಕಾಗದದ ಮೇಲೆ ಬೀಳಬೇಕು. ಬರೆಯುವ ಕೈಯ ನೆರಳು ಬೀಳದ ಕಡೆ ಇಡಬೇಕು. ಜೊತೆಗೆ ನೀಲಿ ಬಾಲ್ ಪೆನ್ನು ಬಿಟ್ಟು ಕಪ್ಪು ಸ್ಕೆಚ್ ಪೆನ್ನು, ದಪ್ಪ ಗೆರೆ ಹಾಕಿಸಿದ ರಿಜಿಸ್ಟರು. ಹಳೆಯ ಕಪ್ಪು ಫೈಲಿನ ರಟ್ಟಿನಲ್ಲಿ ಒಂದು ಸಾಲಿನಷ್ಟು ಕಿಂಡಿ ಕೊಯ್ದುಕೊಂಡೆ. ಅದನ್ನು ಇಟ್ಟರೆ ಬೇಕಾದ ಸಾಲು ಮಾತ್ರ ಕಾಣುತ್ತದೆ, ಸುತ್ತಲಿನ ಬಿಳಿ ಕಾಗದದ ಝಗಮಗ ಇರುವುದಿಲ್ಲ. ಇಷ್ಟಾದ ಮೇಲೆ ಭೂತಗನ್ನಡಿ ಬೇಕಾಗುವುದೇ ಅರ್ಧಕ್ಕೆ ಇಳಿಯಿತು.

ಹಾಲು ಪರೀಕ್ಷೆ ಮಾಡುವ ಯಂತ್ರದಲ್ಲಿ ಅಂಕಿಗಳು ಕಪ್ಪಿನ ಮೇಲೆ ಕೆಂಪಗೆ ಉರಿಯುತ್ತವೆ, ಅದೊಂದು ಪುಣ್ಯ. ಓರೆ ನೋಟದಲ್ಲೇ ಓದುತ್ತೇನೆ.

ಬಿಸಿಲಿಗೆ ಕಂದು ಹಳದಿ ಬಣ್ಣದ ಫಿಲ್ಟರ್ ಕನ್ನಡಕ, ಮೇಲೊಂದು ಟೋಪಿ. ಒಳ್ಳೆಯದು. ಮದುವೆ ಮನೆಗೆ ಹಾಕಿಕೊಂಡು ಹೋದರೆ ಮಾತ್ರ ನಗುತ್ತಾರೆ.

4 ಎಕ್ಸ್ ದೂರದರ್ಶಕವೂ ಇದೆ, ಬಸ್ ಬೋರ್ಡ್ ಓದಲು. ಜೇಬಿನಿಂದ ತೆಗೆದು, ಬಸ್ ಹುಡುಕಿ, ಫೋಕಸ್ ಮಾಡುವಷ್ಟರಲ್ಲಿ ಬಸ್ ಮುಳಬಾಗಿಲು ದಾರಿ ಹಿಡಿದಿರುತ್ತದೆ. ಕಂಡಕ್ಟರನ್ನು ಕೇಳುವುದೇ ಬೇಗ. ಶಾಲೆಯಲ್ಲಿ ಬೋರ್ಡ್ ನೋಡುವ ಮಕ್ಕಳಿಗೆ ಇದು ಚೆನ್ನಾಗಿ ಉಪಯೋಗಕ್ಕೆ ಬರುತ್ತದೆ.

ನೋಟುಗಳದ್ದು ಬೇರೆ ಕಥೆ. ಪಶು ಆಹಾರ ಮಾರುವಾಗ ಈಗಲೂ ಕೆಲವರು ನಗದು ಕೊಡುತ್ತಾರೆ. ಹೊಸ 100ರ ನೋಟು 142 ಮಿಲಿಮೀಟರ್ ಉದ್ದ, 200ರದ್ದು 146, 500ರದ್ದು 150. ಅಗಲ ಎಲ್ಲಕ್ಕೂ 66. ನಾಲ್ಕು ಮಿಲಿಮೀಟರ್ ವ್ಯತ್ಯಾಸವನ್ನು ಬೆರಳಲ್ಲಿ ಹಿಡಿಯಿರಿ ಅಂದರೆ ಹೇಗೆ? ಅಂಚಿನಲ್ಲಿ ಉಬ್ಬು ಗೆರೆಗಳಿವೆ, 500ಕ್ಕೆ ಐದು, 100ಕ್ಕೆ ನಾಲ್ಕು. ಹೊಸ ನೋಟಿನಲ್ಲಿ ಬೆರಳಿಗೆ ಸಿಗುತ್ತವೆ, ನಾಲ್ಕು ಸಂತೆ ತಿರುಗಿದ ನೋಟಿನಲ್ಲಿ ಸಿಗುವುದಿಲ್ಲ. ರಿಸರ್ವ್ ಬ್ಯಾಂಕ್ 2020ರಲ್ಲಿ ತಂದ ಮಣಿ ಆ್ಯಪ್ ನೋಟು ತೋರಿಸಿದರೆ ಬೆಲೆ ಹೇಳುತ್ತದೆ. ಆದರೆ ಒಂದೊಂದೇ ನೋಟು ಹಿಡಿಯಬೇಕು, ಹಿಂದೆ ಜನ ಕಾಯುತ್ತಿರುತ್ತಾರೆ. ಅದಕ್ಕೆ ಯುಪಿಐ ಬಂದದ್ದು ನನ್ನ ಮಟ್ಟಿಗೆ ದೊಡ್ಡ ಉಪಕಾರ. ಫೋನಿನ ಟಾಕ್‌ಬ್ಯಾಕ್ ಮೆಸೇಜನ್ನು ಕನ್ನಡದಲ್ಲೇ ಓದಿ ಹೇಳುತ್ತದೆ.

ಊರಲ್ಲಿ ಸಿಕ್ಕವರೆಲ್ಲ ಕ್ಯಾರೆಟ್ ತಿನ್ನಿ, ವಿಟಮಿನ್ ಎ ಮಾತ್ರೆ ತಗೊಳ್ಳಿ ಅನ್ನುತ್ತಾರೆ. ಊಟದಲ್ಲಿ ತರಕಾರಿ ತಿನ್ನಬಹುದು. ಆದರೆ ಸ್ಟಾರ್ಗಾರ್ಟ್ ಇರುವವರು ವಿಟಮಿನ್ ಎ ಮಾತ್ರೆ ನುಂಗಬಾರದು. ವಿಟಮಿನ್ ಎಯಿಂದಲೇ ಆಗುವ ಕಸ ರೆಟಿನಾದಲ್ಲಿ ಸೇರಿಕೊಳ್ಳುವುದು ಈ ಕಾಯಿಲೆಯ ಮೂಲ. ಮೆಡಿಕಲ್ ಶಾಪಿನವರು ಕಣ್ಣಿಗೆ ಒಳ್ಳೇದು ಅಂತ ಕೊಟ್ಟರೆ ಡಾಕ್ಟರನ್ನು ಕೇಳದೆ ತಗೊಳ್ಳಬೇಡಿ.

ಯುಡಿಐಡಿ, ಅಂದರೆ ಸರ್ಕಾರದ ಅಂಗವಿಕಲರ ಗುರುತಿನ ಕಾರ್ಡ್ ಮಾಡಿಸಿಕೊಳ್ಳಿ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯಲ್ಲಿ ಪೂರ್ತಿ ಕುರುಡಿನ ಜೊತೆಗೆ ಲೋ ವಿಷನ್ ಕೂಡ ಬೇರೆಯಾಗಿ ಸೇರಿದೆ. ಮೀಸಲಾತಿಯಂಥ ಮುಖ್ಯ ಸವಲತ್ತುಗಳಿಗೆ ಅಂಗವಿಕಲತೆ ಕಮ್ಮಿಯೆಂದರೂ ಶೇಕಡ 40 ಇರಬೇಕು. ಅಂಗವಿಕಲರಿಗೆ ಸಾಧನ ಕೊಡುವ ಕೇಂದ್ರದ ಅಡಿಪ್ ಯೋಜನೆಯಲ್ಲಿ ಸಾಧನಗಳೂ ಸಿಗುತ್ತವೆ. ಶಿಬಿರದಲ್ಲಿ ಕೊಟ್ಟದ್ದನ್ನು ಹಾಗೇ ತರಬೇಡಿ, ಅಲ್ಲೇ ಓದಿ ನೋಡಿ ತನ್ನಿ.

ಇತ್ತೀಚೆಗೆ ಒಬ್ಬರು ಓದಿ ಹೇಳುವ ಕನ್ನಡಕ ಮಾರಲು ಬಂದಿದ್ದರು. ಇಂಗ್ಲಿಷ್ ಪುಸ್ತಕ ಗಟ್ಟಿಯಾಗಿ ಓದಿತು. ನಮ್ಮ ಪಾಸ್‌ಬುಕ್ಕಿನ ಪೆನ್ಸಿಲ್ ಅಂಕಿ ಮುಂದೆ ಬಾಯಿ ಬಿಡಲಿಲ್ಲ. ಅವರು ಬೆಲೆ ಹೇಳಿದ ಮೇಲೆ ನಾನೂ ಬಾಯಿ ಬಿಡಲಿಲ್ಲ. ಈಗ ಡೇರಿಯಲ್ಲಿ ಪ್ರಿಂಟ್ ಚೀಟಿ ಬರುವ ಯಂತ್ರ ತರುವ ಮಾತಿದೆ. ಆ ಥರ್ಮಲ್ ಕಾಗದ ಸ್ವಲ್ಪ ದಿನಕ್ಕೇ ಮಾಸುತ್ತದೆ. ಅಕ್ಷರ ದೊಡ್ಡದು ಮಾಡಿಸಿ, ಇಲ್ಲಾಂದ್ರೆ ನನ್ನ ಸ್ಕೆಚ್ ಪೆನ್ನಿನ ರಿಜಿಸ್ಟರನ್ನೂ ಮುಂದುವರಿಸಿ ಅಂತ ಅಧ್ಯಕ್ಷರಿಗೆ ಅರ್ಜಿ ಕೊಟ್ಟಿದ್ದೇನೆ.