ಸ್ಪೆಕ್ಟ್ರಮ್‌ಗೆ ಕ್ಯಾಪ್ಸ್ ಲಾಕ್ ದೀಪ: ಯಾವ ದಾರಿ ಒಳ್ಳೆಯದು?

1982ರ ಮನೆ ಕಂಪ್ಯೂಟರ್ ಜೆಡ್‌ಎಕ್ಸ್ ಸ್ಪೆಕ್ಟ್ರಮ್ 48ಕೆಯಲ್ಲಿ ಕ್ಯಾಪ್ಸ್ ಲಾಕ್‌ಗೆ ಬೇರೆ ಸ್ವಿಚ್ಚೇ ಇಲ್ಲ. ಕ್ಯಾಪ್ಸ್ ಶಿಫ್ಟ್ ಹಿಡಿದು 2 ಒತ್ತಬೇಕು. ಆನ್ ಆಗಿದೆಯೋ ಇಲ್ಲವೋ ಅನ್ನೋದು ಮೆಮೊರಿಯ 23658ನೇ ಜಾಗದಲ್ಲಿ, ಒಂದೇ ಬಿಟ್‌ನಲ್ಲಿ (0 ಅಥವಾ 1) ಇರುತ್ತದೆ. ಅದನ್ನು ತೋರಿಸುವ ದೀಪ ಸೇರಿಸಲು ಎರಡು ದಾರಿ ನೋಡೋಣ.

ಮೊದಲನೆಯದು, ಕೀಬೋರ್ಡ್ ತಂತಿಗಳನ್ನು ಗಮನಿಸುವ ಮೈಕ್ರೋಕಂಟ್ರೋಲರ್ (ಪುಟ್ಟ ಕಂಪ್ಯೂಟರ್ ಚಿಪ್) ಹಾಕಿದರೆ ಸಾಫ್ಟ್‌ವೇರ್ ಮುಟ್ಟಬೇಕಿಲ್ಲ. ಆದರೆ ಅದು ಕೀ ಒತ್ತಿದ್ದನ್ನಷ್ಟೇ ಎಣಿಸುತ್ತದೆ. ಪ್ರೋಗ್ರಾಮ್ ಒಳಗಿಂದ `POKE 23658,8` (ಆ ಜಾಗಕ್ಕೆ 8 ಬರೆಯುವ ಆಜ್ಞೆ) ಕೊಟ್ಟರೆ ಕ್ಯಾಪ್ಸ್ ಆನ್, ದೀಪ ಮಾತ್ರ ಆಫ್! ಸುಳ್ಳು ಹೇಳುವ ದೀಪ ಯಾಕೆ ಬೇಕು, ಅಲ್ವಾ?

ಎರಡನೆಯದು, ಹಿಂಬದಿಯ ಕನೆಕ್ಟರ್‌ಗೆ ಲ್ಯಾಚ್ (ಕೊಟ್ಟ ಬಿಟ್ಟನ್ನು ಹಿಡಿದಿಡುವ ಚಿಪ್) ಜೋಡಿಸಿ, ಇಂಟರಪ್ಟ್ (ಪ್ರೊಸೆಸರ್ ಕೆಲಸವನ್ನು ನಡುವೆ ತಡೆಯುವ ಸಂಕೇತ) ಬಂದಾಗಲೆಲ್ಲ ಆ ಬಿಟ್ಟನ್ನು ಅದಕ್ಕೆ ಕಳಿಸಿದರೆ ದೀಪ ನಿಜ ಹೇಳುತ್ತದೆ. ಕೆಲಸ ಜಾಸ್ತಿ. ರೀಸೆಟ್ ಆದರೆ ಆ ಕೋಡನ್ನು ಮತ್ತೆ ಲೋಡ್ ಮಾಡಬೇಕು, ಇಂಟರಪ್ಟನ್ನು ತಾವೇ ಹಿಡಿದುಕೊಳ್ಳುವ ಆಟಗಳಲ್ಲಿ ದೀಪ ನಿಂತಲ್ಲೇ ನಿಲ್ಲುತ್ತದೆ.

ಬೇಸಿಕ್ ಭಾಷೆಯಲ್ಲಿ ಪ್ರೋಗ್ರಾಮ್ ಬರೆಯುವವರಿಗೆ ನನ್ನ ಆಯ್ಕೆ ಲ್ಯಾಚೇ. ಎರಡರಲ್ಲೂ ಎಲ್‌ಇಡಿಗೆ 1 ಕಿಲೋ ಓಮ್ ರೆಸಿಸ್ಟರ್ ಸಾಕು.