‘ಪ್ಯಾನ್‌ಫಿಶ್ ಕಿಟ್’ ಎಂಬ ಪೆಟ್ಟಿಗೆಗೆ ದುಡ್ಡು ಸುರಿಯುವ ಮುನ್ನ

ಅಮೆರಿಕದ ಮಿನ್ನೆಸೋಟದಲ್ಲಿ ಬೇಸಿಗೆ ಬಂತೆಂದರೆ ಕನ್ನಡದ ಮನೆಗಳ ಮಕ್ಕಳೂ ಗಾಳ ಹಾಕಬೇಕೆಂದು ಹಟ ಹಿಡಿಯುತ್ತಾರೆ. ಬ್ಲೂಗಿಲ್, ಕ್ರಾಪಿಯಂಥ ಅಂಗೈಯಗಲದ ಮೀನುಗಳಿಗೆ ಇಲ್ಲಿ ಒಟ್ಟಾಗಿ ಪ್ಯಾನ್‌ಫಿಶ್ ಎನ್ನುತ್ತಾರೆ. ಅವುಗಳಿಗೆಂದೇ ಮಾಡಿದ್ದು ಎಂದು ಹೇಳಿ ಮಾರುವ, ಬಣ್ಣಬಣ್ಣದ ಮೆತ್ತನೆಯ ಪ್ಲಾಸ್ಟಿಕ್ ಹುಳುಗಳು ತುಂಬಿದ ದೊಡ್ಡ ಪೆಟ್ಟಿಗೆಯೊಂದಿದೆ. ದಯವಿಟ್ಟು ಅದನ್ನು ಕೊಳ್ಳಬೇಡಿ.

ನಮಗೆ ಮಾರಿದವನು ‘ಜೀವಂತ ಹುಳು ಬರೀ ಗಲೀಜು, ಇದೊಂದಿದ್ದರೆ ಸಾಕು’ ಎಂದು ಭರವಸೆ ಕೊಟ್ಟಿದ್ದ. ಊರಿನಿಂದ ಬಂದಿದ್ದ ನಮ್ಮ ಮಾವ ತುಂಗೆಯ ದಡದಲ್ಲಿ ಬೆಳೆದವರು. ಪೆಟ್ಟಿಗೆಯಿಂದ ಒಂದು ಕೊಕ್ಕೆಯನ್ನು ಎತ್ತಿ ಕನ್ನಡಕದ ಹತ್ತಿರ ಹಿಡಿದು, ‘ಇದೇನು ಗಾಳವೋ, ಪಾತಾಳಗರಡಿಯೋ?’ ಎಂದರು. ಅವರು ಹೇಳಿದ್ದರಲ್ಲಿ ಉತ್ಪ್ರೇಕ್ಷೆಯೇನೂ ಇರಲಿಲ್ಲ. ಬ್ಲೂಗಿಲ್‌ನ ಬಾಯಿ ಬಲು ಕಿರಿದು. ಅದಕ್ಕೆ 8 ಅಥವಾ 10ನೇ ನಂಬರಿನ ಕೊಕ್ಕೆ ಬೇಕು. ನಂಬರು ಹೆಚ್ಚಿದಷ್ಟೂ ಕೊಕ್ಕೆ ಸಣ್ಣದು. ಪೆಟ್ಟಿಗೆಯಲ್ಲಿ ಇದ್ದವೆಲ್ಲ 1/0, 2/0. ಈ ‘ಸೊನ್ನೆ’ಯ ಸಾಲಿನಲ್ಲಿ ಲೆಕ್ಕ ತಲೆಕೆಳಗು, ನಂಬರು ಹೆಚ್ಚಿದಂತೆ ಕೊಕ್ಕೆಯೂ ದೊಡ್ಡದಾಗುತ್ತದೆ. ಅವು ಬಾಸ್‌ನಂಥ ದೊಡ್ಡ ಬಾಯಿಯ ಮೀನಿಗೆ ಸರಿ. ಜಿಗ್‌ಗಳೂ, ಎಂದರೆ ತಲೆಯಲ್ಲೇ ಲೋಹದ ಗುಂಡು ಕೂರಿಸಿದ ಕೊಕ್ಕೆಗಳೂ, ಕಾಲು ಔನ್ಸಿನವು, ಅಂದರೆ ಸುಮಾರು 7 ಗ್ರಾಂ. ಈ ಮೀನಿಗೆ ಬೇಕಾದ್ದು 1/32 ಅಥವಾ 1/64 ಔನ್ಸಿನದು, ಒಂದು ಗ್ರಾಮಿಗಿಂತಲೂ ಹಗುರ.

ಕೆರೆಯಲ್ಲಿ ನಡೆದದ್ದು ಇಷ್ಟು. ತಿಳಿನೀರಿನಲ್ಲಿ ಮೀನು ಬರುವುದು ಕಾಣುತ್ತಿತ್ತು. ಹುಳುವಿನ ಮುಂದೆ ನಿಂತು, ಬಾಲವನ್ನು ಒಮ್ಮೆ ಎಳೆದು, ಉಗಿದು ಹೋಗುತ್ತಿತ್ತು. ಕೊಕ್ಕೆಯ ಹತ್ತಿರ ಒಂದೂ ಸುಳಿಯಲಿಲ್ಲ. ಮಗಳಿಗೆ ಸಿಕ್ಕಿದ್ದು ಬಾಲ ಹರಿದ ಗುಲಾಬಿ ಹುಳುಗಳು ಮಾತ್ರ.

ಪೆಟ್ಟಿಗೆ ಬಿಸಿಲಿನ ಕಾರಿನಲ್ಲಿ ಉಳಿದಿತ್ತು. ತೆರೆದರೆ ಒಳಗೆಲ್ಲ ಅಂಟು ಪಾಕ. ಈ ಹುಳುಗಳನ್ನು ಮೆತ್ತಗಾಗಿಸಲು ಬೆರೆಸುವ ಎಣ್ಣೆಯಂಥ ರಾಸಾಯನಿಕ ಬೇರೆ ಬಗೆಯ ಪ್ಲಾಸ್ಟಿಕ್ಕಿಗೆ ತಾಗಿದರೆ ಎರಡೂ ಕರಗುತ್ತವೆ. ನಮ್ಮ ಪೆಟ್ಟಿಗೆಯ ಖಾನೆಗಳ ಗೋಡೆಯೂ ಕರಗಿತ್ತು. ಎರಡು ಬಗೆಯ ಹುಳುಗಳನ್ನು ಒಟ್ಟಿಗೆ ತುಂಬಿ ಮಾರುವವರಿಗೆ ಇದು ಗೊತ್ತಿರುವುದಿಲ್ಲವೇ? ಅಂಗಡಿಯವರ ಉತ್ತರ: ತೆರೆದ ಮಾಲು ವಾಪಸ್ಸಿಲ್ಲ.

ಇವೆಲ್ಲಕ್ಕಿಂತ ನನಗೆ ಸಿಟ್ಟು ಬಂದದ್ದು ಪೆಟ್ಟಿಗೆಯಲ್ಲಿದ್ದ ಸೀಸದ ಗುಂಡುಗಳ ಮೇಲೆ. ತಂಗೂಸಿಗೆ ಸಿಕ್ಕಿಸುವ ಸಣ್ಣ ಗುಂಡನ್ನು ಹಲ್ಲಿನಿಂದ ಕಚ್ಚಿ ಬಿಗಿಯುವುದು ಇಲ್ಲಿ ಹಳೆಯ ರೂಢಿ. ಪಕ್ಕದಲ್ಲಿದ್ದವರನ್ನು ನೋಡಿ ಮಗಳೂ ಬಾಯಿಗಿಟ್ಟಳು. ಮಕ್ಕಳಿಗೆಂದು ಮಾರುವ ಪೆಟ್ಟಿಗೆಯ ಮೇಲೆ ಸೀಸವೆಂಬ ಎಚ್ಚರಿಕೆ ಎಲ್ಲೂ ಇರಲಿಲ್ಲ. ಈ ರಾಜ್ಯದ ಪಕ್ಷಿಯಾದ ಲೂನ್ ಇಂಥ ಗುಂಡುಗಳನ್ನು ನುಂಗಿ ಸಾಯುತ್ತದೆ. ತವರ, ಟಂಗ್‌ಸ್ಟನ್‌ನವು ಸಿಗುತ್ತವೆ, ಅವನ್ನೇ ಕೇಳಿ ಪಡೆಯಿರಿ.

ಕೊನೆಗೆ ಕೆಲಸಕ್ಕೆ ಬಂದದ್ದು ಪೆಟ್ರೋಲ್ ಬಂಕಿನ ಫ್ರಿಜ್ಜಿನಲ್ಲಿ ಮಾರುವ ಎರೆಹುಳು. ಮಾವ ಅದನ್ನು ಅರ್ಧ ಇಂಚಿಗೆ ಚಿವುಟಿ, ಕೊಕ್ಕೆಯ ಮೊನೆ ಮುಚ್ಚುವಷ್ಟೇ ಪೋಣಿಸಿ, ಮೇಲೊಂದು ಸಣ್ಣ ಬೆಂಡು ಕಟ್ಟಿಕೊಟ್ಟರು. ಇಡೀ ಹುಳು ಜೋತಾಡಿಸಿದರೆ ಮೀನು ತುದಿ ತಿಂದು ಹೋಗುತ್ತದೆ.

ಹಾಗೆಂದು ಜೀವಂತ ಎರೆಯೂ ನಿರಪಾಯವಲ್ಲ. ಮೀನು ಅದನ್ನು ಉಗಿಯುವುದಿಲ್ಲ, ನುಂಗುತ್ತದೆ. ಬೆಂಡು ಮುಳುಗಿದ ಕೂಡಲೇ ಎಳೆಯದಿದ್ದರೆ ಕೊಕ್ಕೆ ಗಂಟಲಿಗಿಳಿಯುತ್ತದೆ. ಆಗ ಕಿತ್ತರೆ ಕಿವಿರು ಹರಿದು ರಕ್ತ. ತಂಗೂಸಿಯನ್ನು ಬಾಯಿಯ ಹತ್ತಿರ ಕತ್ತರಿಸಿ ಬಿಟ್ಟರೆ ಬದುಕುವ ಸಾಧ್ಯತೆ ಹೆಚ್ಚು. ಹಿಡಿದು ಬಿಡುವುದೇ ನಿಮ್ಮ ಉದ್ದೇಶವಾಗಿದ್ದರೆ ಹಗುರವಾದ ಪುಟ್ಟ ಜಿಗ್ ಮೇಲು, ಕ್ರಾಪಿಗಂತೂ ಅದು ಚೆನ್ನಾಗಿಯೇ ಹಿಡಿಸುತ್ತದೆ. ಅಂಥವನ್ನು ನಾಲ್ಕೈದು ಬಿಡಿಯಾಗಿ ಕೊಂಡರೆ ಸಾಕು.

ಉಳಿದ ಎರೆಹುಳುಗಳನ್ನು ಕೆರೆಗಾಗಲಿ ದಡದ ಮಣ್ಣಿಗಾಗಲಿ ಎಸೆಯುವುದು ಇಲ್ಲಿ ಕಾನೂನುಬಾಹಿರ. ಕಸದ ಡಬ್ಬಿಗೇ ಹಾಕಬೇಕು. ಅಪ್ಪ, ಅಮ್ಮ, ಅತ್ತೆ, ಮಾವ ಊರಿನಿಂದ ಬಂದು ಗಾಳದ ಕೋಲು ಹಿಡಿಯುವುದಾದರೆ ಅವರಿಗೂ ಪರವಾನಗಿ ಬೇಕು. ಹೊರಗಿನವರಿಗೆಂದು 24 ಗಂಟೆಯದೂ 72 ಗಂಟೆಯದೂ ಸಿಗುತ್ತದೆ. ಕೆರೆಗೆ ಹೊರಡುವ ಮೊದಲೇ ಮಾಡಿಸಿಕೊಳ್ಳಿ.