ಹಿಡಿದುಕೊಂಡ ಬ್ರೇಕ್ ಬಿಡಿಸಿದವರು: ಜೆ.ಸಿ. ರಸ್ತೆಯ ಹಿಂದಿನ ಒಂದು ವರ್ಕ್‌ಶಾಪ್ ಕುರಿತು

ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳ ಸಾಲನ್ನು ದಾಟಿ ಹಿಂದಿನ ಓಣಿಗೆ ಇಳಿದರೆ, ಬ್ರೇಕ್ ಮತ್ತು ಕ್ಲಚ್ಚಿನ ಕೆಲಸವನ್ನು ಬಿಟ್ಟು ಬೇರೇನನ್ನೂ ಮುಟ್ಟದ ಒಂದು ಸಣ್ಣ ವರ್ಕ್‌ಶಾಪ್ ಸಿಗುತ್ತದೆ. ಒಳಗೆ ಎರಡು ಕಾರು ನಿಲ್ಲಿಸುವಷ್ಟೇ ಜಾಗ. ಒಬ್ಬರು ಹಿರಿಯ ಮೇಸ್ತ್ರಿ, ಜೊತೆಗೆ ಇಬ್ಬರು ಹುಡುಗರು. ಅವರ ಕೆಲಸದ ಬಗ್ಗೆ ಬರೆಯುತ್ತೇನೆ ಎಂದಾಗ ಮೇಸ್ತ್ರಿಯವರು, "ಬರ್ಕೊಳ್ಳಿ ಸಾರ್, ಹೆಸರು ಮಾತ್ರ ಹಾಕ್ಬೇಡಿ, ಈಗಿರೋ ಗಾಡಿಗಳಿಗೇ ಜಾಗ ಇಲ್ಲ" ಎಂದರು. ಅವರ ಮಾತಿಗೆ ಒಪ್ಪಿ ಹೆಸರನ್ನು ಬಿಟ್ಟಿದ್ದೇನೆ. ಹಳೆಯ ಕಾರುಗಳನ್ನು ಇಟ್ಟುಕೊಂಡವರಿಗೆ ಓಣಿಯಲ್ಲಿ ಒಂದೆರಡು ಕಡೆ ವಿಚಾರಿಸಿದರೆ ಜಾಗ ತಾನಾಗಿಯೇ ತಿಳಿಯುತ್ತದೆ.

ನನ್ನದು ಕಾಂಟೆಸ್ಸಾ ಕ್ಲಾಸಿಕ್. ಹಿಂದೂಸ್ತಾನ್ ಮೋಟರ್ಸ್ 1984ರಿಂದ 2002ರವರೆಗೆ ತಯಾರಿಸಿದ ಈ ಕಾರು ಬ್ರಿಟನ್ನಿನ ವಾಕ್ಸ್‌ಹಾಲ್ ವಿಕ್ಟರ್‌ನ ದೇಹವನ್ನು ಹೊತ್ತುಕೊಂಡು ಬಂದದ್ದು. ಮೊದಮೊದಲು ಅಂಬಾಸಿಡರ್‌ನ ಸಣ್ಣ ಎಂಜಿನ್ನಿನಿಂದ ಏದುಸಿರು ಬಿಡುತ್ತಿದ್ದ ಇದಕ್ಕೆ ಆಮೇಲೆ ಇಸುಝು 1.8 ಲೀಟರ್ ಎಂಜಿನ್ ಬಂದು ನಿಜವಾದ ಕಸುವು ಸಿಕ್ಕಿತು. ಮುಂದಿನ ಚಕ್ರಗಳಿಗೆ ಡಿಸ್ಕ್ ಬ್ರೇಕ್, ಹಿಂದೆ ಡ್ರಮ್ ಬ್ರೇಕ್, ಕಾಲಿನ ಒತ್ತಿಗೆ ಬಲ ತುಂಬಲು ಬೂಸ್ಟರ್. ಎಂಜಿನ್ನಿನ ಭಾಗಗಳು ಹೇಗೋ ಸಿಗುತ್ತವೆ. ಬ್ರೇಕಿನ ಭಾಗಗಳಿಗೆ ಬಂದಾಗಲೇ ಮಾಲೀಕನ ತಾಳ್ಮೆಯ ಪರೀಕ್ಷೆ ಆರಂಭವಾಗುವುದು, ಏಕೆಂದರೆ "ಇದೂ ಕೂರುತ್ತೆ ಸಾರ್" ಎಂದು ಬೇರೆ ಗಾಡಿಯ ಭಾಗವನ್ನು ಹಾಕುವ ಅಭ್ಯಾಸ ಎಲ್ಲೆಡೆ ಇದೆ. ನನ್ನ ತೊಂದರೆಯ ಅರ್ಧ ಪಾಲು ಈ ಅಭ್ಯಾಸದಿಂದಲೇ ಬಂದಿತ್ತು ಎಂಬುದು ಕೊನೆಗೆ ತಿಳಿಯಿತು.

ಕಳೆದ ವರ್ಷ ಒಂದು ಭಾನುವಾರ ನಂದಿಬೆಟ್ಟದ ಕಡೆಗೆ ಹೊರಟಿದ್ದಾಗ, ದೇವನಹಳ್ಳಿ ಹತ್ತಿರವಾಗುತ್ತಿದ್ದಂತೆ ಸುಟ್ಟ ವಾಸನೆ ಬಂತು. ಸ್ಟಿಯರಿಂಗ್ ಎಡಕ್ಕೆ ಎಳೆಯುತ್ತಿತ್ತು, ಸಮತಟ್ಟಾದ ರಸ್ತೆಯಲ್ಲಿ ಗೇರನ್ನು ನ್ಯೂಟ್ರಲ್‌ಗೆ ತಂದರೂ ಕಾರು ತಾನಾಗಿ ಉರುಳುತ್ತಿರಲಿಲ್ಲ, ಮುಂದಿನ ಎಡ ಚಕ್ರದ ಹತ್ತಿರ ಕೈ ಹಿಡಿದರೆ ಒಲೆಯ ಮುಂದೆ ಹಿಡಿದಂತಿತ್ತು. ಮೊದಲು ಕಾರನ್ನು ಕೊಟ್ಟ ಗ್ಯಾರೇಜಿನಲ್ಲಿ, ಚಕ್ರದೊಂದಿಗೆ ತಿರುಗುವ ಡಿಸ್ಕನ್ನು ಎರಡೂ ಕಡೆಯಿಂದ ಹಿಡಿಯುವ ಪ್ಯಾಡುಗಳನ್ನು ಹೊಸದಾಗಿ ಹಾಕಿ, ಡಿಸ್ಕನ್ನು ಲೇತ್‌ಗೆ ಕೊಟ್ಟು ಮಟ್ಟ ಮಾಡಿಸಿದರು. ಹತ್ತು ದಿನಕ್ಕೆ ಅದೇ ವಾಸನೆ ಮರಳಿತು. ಎರಡನೆಯ ಗ್ಯಾರೇಜು "ಮಾಸ್ಟರ್ ಸಿಲಿಂಡರ್ ಹೋಗಿದೆ" ಎಂದು ತೀರ್ಪು ಕೊಟ್ಟು, ಪೆಡಲಿನ ಒತ್ತನ್ನು ಬ್ರೇಕ್ ಆಯಿಲ್ ಮೂಲಕ ಚಕ್ರಗಳಿಗೆ ಕಳಿಸುವ ಆ ಸಿಲಿಂಡರನ್ನು ಹೊಸದಾಗಿ ಕೂರಿಸಿತು. ಅದಾದ ಮೇಲೆ ಎಡ ಚಕ್ರದ ಜೊತೆಗೆ ಬಲ ಚಕ್ರವೂ ಹಿಡಿಯತೊಡಗಿತು. ಹದಿನೈದು ಇಪ್ಪತ್ತು ಕಿಲೋಮೀಟರ್ ಓಡಿದ ಮೇಲೆ ಪೆಡಲ್ ಮೇಲಕ್ಕೆ ಬಂದು ಕಲ್ಲಿನಂತೆ ಗಟ್ಟಿಯಾಗುತ್ತಿತ್ತು. ಕಾರನ್ನು ಅರ್ಧ ಗಂಟೆ ಮರದ ಕೆಳಗೆ ನಿಲ್ಲಿಸಿದರೆ ಎಲ್ಲವೂ ತಾನಾಗಿಯೇ ಸಡಿಲವಾಗುತ್ತಿತ್ತು. ಎರಡೂ ಕಡೆ ಸೇರಿ ಇಪ್ಪತ್ತೆರಡು ಸಾವಿರ ರೂಪಾಯಿ ಖರ್ಚಾಗಿತ್ತು. ಬ್ರೇಕ್ ಏಕೆ ಹಿಡಿಯುತ್ತಿದೆ ಎಂದು ಎರಡು ಗ್ಯಾರೇಜಿನಲ್ಲಿ ಯಾರೊಬ್ಬರೂ ನೋಡಿರಲಿಲ್ಲ.

ಜೆ.ಸಿ. ರಸ್ತೆಯ ಮೇಸ್ತ್ರಿಯವರು ಮೊದಲು ಕೇಳಿದ್ದು ಎಂಟುನೂರು ರೂಪಾಯಿ, ಅದೂ ಕೇವಲ ನೋಡುವುದಕ್ಕೆ. ನನಗೆ ಕೊಂಚ ಕಸಿವಿಸಿಯಾದದ್ದು ನಿಜ. ಆದರೆ ಆ ದಿನ ಅವರು ಸ್ಪ್ಯಾನರ್ ಹಿಡಿಯುವ ಮೊದಲು ನನ್ನ ಪಕ್ಕದಲ್ಲಿ ಕುಳಿತು ಊರಿನ ದಟ್ಟಣೆಯಲ್ಲಿ ಸುಮಾರು ಹನ್ನೆರಡು ಕಿಲೋಮೀಟರ್ ಸುತ್ತಿ ಬಂದರು. ಕಾರು ತಣ್ಣಗಿದ್ದಾಗ ಈ ರೋಗ ತಲೆ ಹಾಕುವುದಿಲ್ಲ, ಬಿಸಿಯಾದ ಮೇಲೆಯೇ ಹಿಡಿಯಬೇಕು ಎಂಬುದು ಅವರ ವಾದ. ವಾಪಸ್ಸು ಬಂದ ಕೂಡಲೇ ಹುಡುಗ ದೂರದಿಂದಲೇ ತಾಪ ಅಳೆಯುವ ಗನ್ ಹಿಡಿದು ನಾಲ್ಕೂ ಚಕ್ರಗಳ ತಾಪವನ್ನು ಸೀಮೆಸುಣ್ಣದಿಂದ ನೆಲದ ಮೇಲೆ ಬರೆದ: ಮುಂದಿನ ಎಡ 214 ಡಿಗ್ರಿ, ಬಲ 131, ಹಿಂದಿನ ಡ್ರಮ್ಮುಗಳು ಎಪ್ಪತ್ತರ ಆಸುಪಾಸು. ಎಡಕ್ಕೂ ಬಲಕ್ಕೂ ಇಷ್ಟು ಅಂತರವಿದ್ದರೆ ಒಂದು ದೋಷ, ಎರಡೂ ಕಡೆ ಇರಬೇಕಾದುದಕ್ಕಿಂತ ಹೆಚ್ಚು ಬಿಸಿಯಿದ್ದರೆ ಇನ್ನೊಂದು ದೋಷ, ನಿಮ್ಮ ಗಾಡಿಯಲ್ಲಿ ಎರಡೂ ಇವೆ ಎಂದು ಅವರು ಆಗಲೇ ಹೇಳಿದರು.

ಅಲ್ಲಿಂದ ಮುಂದಿನ ಕಾಲು ಗಂಟೆಗಾಗಿಯೇ ಈ ವಿಮರ್ಶೆಯನ್ನು ಬರೆಯಬೇಕೆನಿಸಿತು. ಜಾಕಿ ಎತ್ತಿ, ಮುಂಭಾಗವನ್ನು ಸ್ಟ್ಯಾಂಡಿನ ಮೇಲೆ ಕೂರಿಸಿ ಕೈಯಿಂದ ಚಕ್ರ ತಿರುಗಿಸಿದರೆ ಎರಡೂ ಬಿಗಿಯಾಗಿದ್ದವು. ಎಂಜಿನ್ ನಿಲ್ಲಿಸಿ, ಬೂಸ್ಟರ್‌ಗೆ ಮಾಸ್ಟರ್ ಸಿಲಿಂಡರನ್ನು ಬಿಗಿದಿರುವ ಎರಡು ನಟ್ಟುಗಳನ್ನು ಮೇಸ್ತ್ರಿಯವರು ಕೆಲವೇ ಸುತ್ತು ಸಡಿಲಿಸಿ, ಸಿಲಿಂಡರನ್ನು ಮುಂದಕ್ಕೆ ಒಂದಿಷ್ಟು ಎಳೆದರು. ಬಲ ಚಕ್ರ ತಕ್ಷಣ ಹಗುರವಾಗಿ ತಿರುಗಿತು. ಎಡ ಚಕ್ರ ಅಲ್ಲಾಡಲಿಲ್ಲ. ಬಳಿಕ ಎಡ ಕ್ಯಾಲಿಪರ್‌ಗೆ (ಪಿಸ್ಟನ್ನಿನಿಂದ ಪ್ಯಾಡುಗಳನ್ನು ಡಿಸ್ಕಿಗೆ ಒತ್ತುವ ಭಾಗಕ್ಕೆ) ಹೋಗುವ ರಬ್ಬರ್ ಹೋಸಿನ ಮೇಲ್ತುದಿಯಲ್ಲಿ, ಉಕ್ಕಿನ ಪೈಪು ಸೇರುವಲ್ಲಿ, ನಟ್ಟನ್ನು ಕೊಂಚ ಸಡಿಲಿಸಿದರು. ಎರಡು ಹನಿ ಬ್ರೇಕ್ ಆಯಿಲ್ ಬಂದಿತೇ ಹೊರತು ಚಕ್ರ ಬಿಡಲಿಲ್ಲ. ಅದನ್ನು ಮತ್ತೆ ಬಿಗಿದು, ಕ್ಯಾಲಿಪರ್‌ನ ಏರ್ ತೆಗೆಯುವ ನಿಪ್ಪಲನ್ನು ಅರ್ಧ ಸುತ್ತು ತಿರುಗಿಸಿದಾಗ ಆಯಿಲ್ ಪಿಚಕಾರಿಯಂತೆ ಚಿಮ್ಮಿ, ಚಕ್ರ ಸಡಿಲವಾಯಿತು. ಹೋಸಿನ ಮೇಲೆ ಬಿಚ್ಚಿದರೆ ಬಿಡದ ಚಕ್ರ ಹೋಸಿನ ಕೆಳಗೆ ಬಿಚ್ಚಿದರೆ ಬಿಡುತ್ತದೆ ಎಂದಾದರೆ, ಒತ್ತಡ ಸಿಕ್ಕಿಹಾಕಿಕೊಂಡಿರುವುದು ಹೋಸಿನೊಳಗೆ. ನಿಪ್ಪಲ್ ಬಿಚ್ಚಿದರೂ ಚಕ್ರ ಬಿಡದೆ ಹೋಗಿದ್ದರೆ ಪಿಸ್ಟನ್ನೋ ಪ್ಯಾಡೋ ತುಕ್ಕಿಗೆ ಕಚ್ಚಿಕೊಂಡಿದೆ ಎಂದು ತಿಳಿಯಬೇಕಿತ್ತು. ಒಂದೇ ಒಂದು ಭಾಗವನ್ನೂ ಬದಲಾಯಿಸದೆ, ಒಂದೇ ಸ್ಪ್ಯಾನರಿನಿಂದ ಎರಡು ದೋಷಗಳ ವಿಳಾಸವನ್ನು ಅವರು ಪತ್ತೆ ಮಾಡಿದ್ದರು.

ಹಳೆಯ ಹೋಸನ್ನು ಬಿಚ್ಚಿ, ಉದ್ದಕ್ಕೆ ಸೀಳಿ ನನಗೆ ತೋರಿಸಿದರು. ಹೊರಗಿನಿಂದ ನೋಡಿದರೆ ಹೊಸದರಂತಿತ್ತು. ಒಳಗಿನ ರಬ್ಬರ್ ಉಬ್ಬಿ ದಾರಿ ಸೂಜಿಯ ಕಣ್ಣಿನಷ್ಟಾಗಿತ್ತು. ಪೆಡಲ್ ಒತ್ತಿದಾಗ ಕಾಲಿನ ಬಲಕ್ಕೆ ಆಯಿಲ್ ಆ ಕಿಂಡಿಯಲ್ಲಿ ನುಗ್ಗುತ್ತದೆ, ಆದರೆ ಕಾಲು ತೆಗೆದ ಮೇಲೆ ಅದನ್ನು ಹಿಂದಕ್ಕೆ ತಳ್ಳುವ ಬಲ ಎಲ್ಲಿಯದು? ಡಿಸ್ಕ್ ಬ್ರೇಕಿನಲ್ಲಿ ಡ್ರಮ್ಮಿನಲ್ಲಿರುವಂತೆ ಎಳೆದುಕೊಳ್ಳುವ ಸ್ಪ್ರಿಂಗ್ ಇರುವುದಿಲ್ಲ. ಪಿಸ್ಟನ್ನಿನ ಸುತ್ತ ಕೂತಿರುವ ಚೌಕಾಕಾರದ ರಬ್ಬರ್ ಸೀಲು ಒತ್ತುವಾಗ ತುಸು ಬಾಗಿ, ಬಿಟ್ಟಾಗ ಮೊದಲಿನ ಆಕಾರಕ್ಕೆ ಮರಳುವಾಗ ಪಿಸ್ಟನ್ನನ್ನು ಕೂದಲೆಳೆಯಷ್ಟು ಹಿಂದಕ್ಕೆ ತರುತ್ತದೆ. ಇಡೀ ವ್ಯವಸ್ಥೆ ನಿಂತಿರುವುದು ಆ ಕೂದಲೆಳೆಯ ಮೇಲೆ. ಹೋಸ್ ಹೀಗೇಕಾಯಿತು ಎಂದು ಕೇಳಿದ್ದಕ್ಕೆ, ವಯಸ್ಸು ಒಂದು ಕಾರಣ, ಪ್ಯಾಡ್ ಹಾಕುವಾಗ ಕ್ಯಾಲಿಪರನ್ನು ಕಳಚಿ ಅದೇ ಹೋಸಿಗೆ ನೇತುಬಿಡುವುದು ಇನ್ನೊಂದು ಕಾರಣ ಎಂದರು. ಅವರ ಅಂಗಡಿಯಲ್ಲಿ ಕಳಚಿದ ಕ್ಯಾಲಿಪರ್‌ಗಳೆಲ್ಲ ತಂತಿಯ ಕೊಕ್ಕೆಯಲ್ಲಿ ತೂಗುತ್ತಿದ್ದುದನ್ನು ಆಮೇಲೆ ಗಮನಿಸಿದೆ.

ಮಾಸ್ಟರ್ ಸಿಲಿಂಡರಿನ ಕಥೆ ಇನ್ನೂ ಸ್ವಾರಸ್ಯದ್ದು. ಪೆಡಲ್ ಬಿಟ್ಟಾಗ ಸಿಲಿಂಡರಿನೊಳಗಿನ ಪಿಸ್ಟನ್ ಪೂರ್ತಿ ಹಿಂದಕ್ಕೆ ಬಂದು ಒಂದು ಸಣ್ಣ ರಂಧ್ರವನ್ನು ತೆರೆಯಬೇಕು. ಬಿಸಿಗೆ ಹಿಗ್ಗಿದ ಆಯಿಲ್ ಆ ರಂಧ್ರದ ಮೂಲಕ ಮೇಲಿನ ಡಬ್ಬಿಗೆ ಮರಳುತ್ತದೆ. ನನ್ನ ಕಾರಿಗೆ ಕೂರಿಸಿದ್ದ ಸಿಲಿಂಡರ್ ಬೇರೆ ಗಾಡಿಯದಾಗಿದ್ದುದರಿಂದ ಬೂಸ್ಟರಿನ ಕಡ್ಡಿ ಅದಕ್ಕೆ ಉದ್ದವಾಗಿ, ಪಿಸ್ಟನ್ನನ್ನು ಸದಾ ತುಸು ಮುಂದಕ್ಕೆ ಒತ್ತಿಕೊಂಡೇ ಇತ್ತು. ರಂಧ್ರ ಮುಚ್ಚಿತ್ತು. ಓಡಿದಂತೆ ಆಯಿಲ್ ಕಾದು ಹಿಗ್ಗುತ್ತದೆ, ಹೋಗಲು ದಾರಿಯಿಲ್ಲದೆ ಪ್ಯಾಡುಗಳನ್ನು ಒತ್ತುತ್ತದೆ, ಒತ್ತಿದ ಪ್ಯಾಡು ಇನ್ನಷ್ಟು ಬಿಸಿ ಹುಟ್ಟಿಸುತ್ತದೆ. ಮರದ ಕೆಳಗಿನ ಅರ್ಧ ಗಂಟೆಯ ರಹಸ್ಯ ಇಷ್ಟೇ. ಮೇಸ್ತ್ರಿಯವರು ಮಕ್ಕಳು ಆಡುವ ಬಣ್ಣದ ಜೇಡಿಯ ಒಂದು ಗುಳಿಗೆಯನ್ನು ಕಡ್ಡಿಯ ತುದಿಗೆ ಅಂಟಿಸಿ, ಸಿಲಿಂಡರನ್ನು ಬಿಗಿದು ಬಿಚ್ಚಿ, ಜೇಡಿ ಎಷ್ಟು ಚಪ್ಪಟೆಯಾಗಿದೆ ಎಂದು ನೋಡುತ್ತ ಕಡ್ಡಿಯ ಉದ್ದವನ್ನು ಮೂರು ಸಲ ತಿದ್ದಿದರು. ಕೊನೆಗೆ ಉಳಿಸಿದ ಸಂದು ಒಂದು ಮಿಲಿಮೀಟರಿಗಿಂತ ಕಡಿಮೆ. ಇದಕ್ಕಿಂತ ಹೆಚ್ಚು ಬಿಟ್ಟರೆ ಪೆಡಲ್ ಸುಮ್ಮನೆ ಕೆಳಕ್ಕೆ ಹೋಗುತ್ತದೆ.

ಕ್ಯಾಲಿಪರ್‌ಗಳನ್ನು ಬಿಚ್ಚಿದಾಗ ಎಡಗಡೆಯ ಪಿಸ್ಟನ್ನಿನ ಮೇಲೆ, ಧೂಳು ತಡೆಯುವ ರಬ್ಬರಿನ ಅಡಿಯಲ್ಲಿ, ತುಕ್ಕಿನ ಗುಳಿಗಳಿದ್ದವು. ಉಪ್ಪುಕಾಗದದಿಂದ ಉಜ್ಜಿ ಹಾಗೆಯೇ ಹಾಕುವವರಿದ್ದಾರೆ. ಇವರು ಒಪ್ಪಲಿಲ್ಲ, ಸ್ಟೇನ್‌ಲೆಸ್ ಉಕ್ಕಿನಲ್ಲಿ ಹೊಸದನ್ನು ಲೇತಿನಲ್ಲಿ ಮಾಡಿಸಿದರು. ಸೀಲು ಕೂರಿಸುವಾಗ ಗ್ರೀಸ್ ಹಚ್ಚಬಾರದು, ಪೆಟ್ರೋಲಿಯಂ ಎಣ್ಣೆ ತಗುಲಿದರೆ ಬ್ರೇಕಿನ ರಬ್ಬರ್ ಉಬ್ಬುತ್ತದೆ ಎಂದು ಹುಡುಗನಿಗೆ ನನ್ನೆದುರಿಗೇ ಗದರಿದ್ದು ನೆನಪಿದೆ. ಹಳೆಯ ಆಯಿಲ್ ಕಾಫಿ ಡಿಕಾಕ್ಷನ್ನಿನ ಬಣ್ಣಕ್ಕೆ ತಿರುಗಿತ್ತು. ಪೂರ್ತಿ ಹೊರತೆಗೆದು ಡಾಟ್ 4 ದರ್ಜೆಯ ಹೊಸ ಬ್ರೇಕ್ ಆಯಿಲ್ ಹಾಕಿದರು. ಇದು ಹೊಸದಾಗಿದ್ದಾಗ ಕನಿಷ್ಠ 230 ಡಿಗ್ರಿಯವರೆಗೆ ಕುದಿಯಬಾರದು ಎಂಬುದು ನಿಯಮ. ಆದರೆ ಗಾಳಿಯ ತೇವವನ್ನು ಹೀರಿಕೊಂಡ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆದಿದ್ದ 214 ಆಗ ಮತ್ತೆ ಕಣ್ಣಿಗೆ ಬಿತ್ತು. ಅಳೆದದ್ದು ಡಿಸ್ಕಿನ ತಾಪ, ಆಯಿಲ್ ಅಷ್ಟು ಕಾದಿರುವುದಿಲ್ಲ, ನಿಜ. ಆದರೂ ಅಂಥ ಆಯಿಲ್ ಹಾಕಿಕೊಂಡು ನಂದಿಬೆಟ್ಟದ ತಿರುವುಗಳನ್ನು ಇಳಿದಿದ್ದರೆ, ಆಯಿಲ್ ಕುದಿದು ಆವಿಯಾಗಿ, ಆ ಆವಿ ಒತ್ತಿದರೆ ಕುಗ್ಗುವುದರಿಂದ ಪೆಡಲ್ ನೆಲ ಮುಟ್ಟುವ ಸಂಭವವಿತ್ತು.

ದೂರುಗಳೂ ಇವೆ. ನಾಲ್ಕು ದಿನ ಎಂದವರು ಒಂಬತ್ತು ದಿನ ತೆಗೆದುಕೊಂಡರು. ಲೇತಿನವನ ಮೇಲೆ ಹಾಕಿದರು, ಇರಬಹುದು, ಆದರೆ ಫೋನ್ ಮಾಡಿ ತಿಳಿಸುವ ರೂಢಿ ಅಲ್ಲಿಲ್ಲ. ಬಿಲ್ಲು ಎಂದರೆ ಕ್ಯಾಲೆಂಡರಿನ ಹಾಳೆಯ ಹಿಂಭಾಗ. ಯಾವ ಭಾಗ ಎಲ್ಲಿಂದ ಬಂತು ಎಂದು ಬರೆದುಕೊಡಿ ಎಂದು ಎರಡು ಸಲ ಕೇಳಬೇಕಾಯಿತು, ಬ್ರೇಕಿನ ಕೆಲಸದಲ್ಲಿ ಇದು ಸಣ್ಣ ಕೊರತೆಯಲ್ಲ. ಹೊಸ ಹೋಸಿನ ವಿಷಯದಲ್ಲಿ ಮಾತ್ರ ಅವರು ಕಟ್ಟುನಿಟ್ಟು: ಅಲ್ಲೇ ಕತ್ತರಿಸಿ ತುದಿ ಒತ್ತಿಕೊಡುವ ಸ್ಥಳೀಯ ಹೋಸನ್ನು ನಿರಾಕರಿಸಿ, ಮೈಮೇಲೆ ತಯಾರಕರ ಗುರುತು ಅಚ್ಚಾಗಿರುವ, ತುದಿಯ ತಿರುಪಿನ ಸುತ್ತೂ ಉದ್ದವೂ ಸರಿಹೊಂದುವ ಜೋಡಿ ಸಿಗುವವರೆಗೆ ಕಾಯಿಸಿದರು. ಬಲಗಡೆಯ ಹೋಸ್ ಚೆನ್ನಾಗಿದೆಯಲ್ಲ ಎಂದು ನಾನು ವಾದಿಸಿದರೂ ಎರಡನ್ನೂ ಒಟ್ಟಿಗೆ ಬದಲಾಯಿಸಿದರು. ಕೂರಲು ಜಾಗವಿಲ್ಲ, ಕಾರು ನಿಲ್ಲಿಸಲು ಇನ್ನೂ ಇಲ್ಲ. ಬೆಳಗ್ಗೆ ಒಂಬತ್ತಕ್ಕೆ ಮುಂಚೆ ಹೋಗದಿದ್ದರೆ ಓಣಿಯೊಳಗೆ ಕಾಂಟೆಸ್ಸಾದಷ್ಟು ಉದ್ದದ ಗಾಡಿ ತಿರುಗುವುದೇ ಇಲ್ಲ.

ಒಟ್ಟು ವೆಚ್ಚ 14,600 ರೂಪಾಯಿ. ಮೊದಲು ಕೊಟ್ಟ ಎಂಟುನೂರನ್ನು ಅದರಲ್ಲಿ ವಜಾ ಮಾಡಿಕೊಂಡರು. ಅದಾಗಿ ನಾಲ್ಕು ತಿಂಗಳಾಗಿವೆ. ಸಕಲೇಶಪುರ ದಾಟಿ ಶಿರಾಡಿ ಘಾಟಿಯಲ್ಲಿ ಇಳಿದು ಮಂಗಳೂರಿಗೆ ಒಮ್ಮೆ ಹೋಗಿಬಂದೆ. ಘಾಟಿಯಲ್ಲಿ ಮೂರನೆಯ ಗೇರಿನಲ್ಲಿ ಎಂಜಿನ್ನಿನ ಹಿಡಿತದಲ್ಲೇ ಇಳಿದು, ಗುಂಡ್ಯದಲ್ಲಿ ಚಹಾ ಕುಡಿಯಲು ನಿಲ್ಲಿಸಿದಾಗ, ಈಗ ನಾನೂ ಕೊಂಡಿರುವ ತಾಪದ ಗನ್ ಹಿಡಿದು ನೋಡಿದರೆ ಎಡ 96, ಬಲ 91. ಕಾರು ಇಳಿಜಾರಿನಲ್ಲಿ ಕಾಲು ತೆಗೆದ ಕೂಡಲೇ ಉರುಳುತ್ತದೆ. ಈ ಕಾರು ಇಷ್ಟು ಹಗುರವಾಗಿ ಓಡುತ್ತದೆ ಎಂಬುದು ನನಗೆ ಮರೆತೇ ಹೋಗಿತ್ತು. ನಿಧಾನವಾಗಿ ಬ್ರೇಕ್ ಒತ್ತಿದಾಗ ಬಲಗಡೆ ಸಣ್ಣಗೆ ಕೀರಲು ಸದ್ದು ಬರುತ್ತದೆ, ಅದನ್ನು ಹೇಳಿದ್ದಕ್ಕೆ ಮೇಸ್ತ್ರಿಯವರು ಪ್ಯಾಡಿನ ಜಾತಿ ಅಂಥದ್ದು ಎಂದು ತಳ್ಳಿಹಾಕಿದರು. ನನಗೆ ಆ ಉತ್ತರ ಪೂರ್ತಿ ಒಪ್ಪಿಗೆಯಾಗಿಲ್ಲ. ಹಿಂದಿನ ಡ್ರಮ್ಮುಗಳ ವೀಲ್ ಸಿಲಿಂಡರುಗಳು ಇನ್ನೂ ಹಳೆಯವೇ ಇರುವುದರಿಂದ ಮುಂದಿನ ತಿಂಗಳು ಅವುಗಳ ಸರದಿ. ಆಗ ಆ ಸದ್ದನ್ನೂ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಕೇಳಿಸಬೇಕೆಂದಿದ್ದೇನೆ.